ಮಳೆಕಾಡಿನ ದಾರಿಯಲ್ಲಿ ಸೋರಿದ ಮಾಡು

ಅಮೆರಿಕದ ಭೂಪಟದಲ್ಲಿ ವಾಯವ್ಯ ಮೂಲೆಯನ್ನು ನೋಡಿದರೆ ವಾಷಿಂಗ್ಟನ್ ರಾಜ್ಯ ಕಾಣಿಸುತ್ತದೆ. ರಾಜಧಾನಿ ವಾಷಿಂಗ್ಟನ್ ಇರುವುದು ಪೂರ್ವ ಕರಾವಳಿಯಲ್ಲಿ. ಈ ರಾಜ್ಯ ಇರುವುದು ಪಶ್ಚಿಮದಲ್ಲಿ, ಶಾಂತಸಾಗರದ ದಡದಲ್ಲಿ. ಇದರ ದೊಡ್ಡ ಪಟ್ಟಣ ಸಿಯಾಟಲ್. ಅಲ್ಲಿಂದ ಪಶ್ಚಿಮಕ್ಕೆ, ಒಳನಾಡಿಗೆ ಚಾಚಿಕೊಂಡ ಕಡಲನ್ನು ದಾಟಿ ಹೋದರೆ ಸಿಗುವ ಭೂಭಾಗವೇ ಒಲಿಂಪಿಕ್ ಪರ್ಯಾಯದ್ವೀಪ. ಮೂರು ಕಡೆ ನೀರು, ನಡುವೆ ಹಿಮ ಹೊತ್ತ ಬೆಟ್ಟಗಳು, ಬೆಟ್ಟಗಳ ಪಶ್ಚಿಮಕ್ಕೆ ಸೂರ್ಯನ ಬೆಳಕೂ ಹಸಿರಾಗಿ ಕಾಣುವ ದಟ್ಟ ಕಾಡು. 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಈ ನಾಡನ್ನು ಸುತ್ತುವ ಅವಕಾಶ ನಮಗೆ ಸಿಕ್ಕಿತು. ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗ, ಮತ್ತು ಕಾಸರಗೋಡಿನಿಂದ ಹೋದ ನಾವಿಬ್ಬರು, ಹೀಗೆ ಐದು ಮಂದಿ. ನಾವು ಉಳಿದುಕೊಂಡದ್ದು ಹೋಟೆಲಿನಲ್ಲಿ ಅಲ್ಲ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಗಾಲಿಮನೆಯಲ್ಲಿ.

ಕಂಡ ಜಾಗಗಳ ವಿಷಯವನ್ನೂ, ಆ ಗಾಲಿಮನೆಯ ಮಾಡು ಸೋರಿ, ಅದನ್ನು ಸರಿಪಡಿಸಿದ ವಿಷಯವನ್ನೂ ಇಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ಮಳೆನಾಡಿನ ನಮಗೆ ಸೋರುವ ಮಾಡು ಹೊಸತೇನಲ್ಲ. ಆದರೆ ಅದನ್ನು ಅಲ್ಲಿಯವರು ನೋಡುವ ರೀತಿಯಲ್ಲಿ ನಾವು ಕಲಿಯುವಂಥದ್ದು ಇತ್ತು.

ಗಾಲಿಯ ಮೇಲಿನ ಮನೆ

ಅಮೆರಿಕದಲ್ಲಿ ಇಂತಹ ವಾಹನಗಳನ್ನು ಕ್ಯಾಂಪರ್, ಟ್ರೇಲರ್, ಆರ್.ವಿ. ಎಂದೆಲ್ಲ ಕರೆಯುತ್ತಾರೆ. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ. ಅಳಿಯನದು ಎಂಜಿನ್ ಇಲ್ಲದ ಟ್ರೇಲರ್. ಇಪ್ಪತ್ತು ಅಡಿ ಉದ್ದದೊಳಗೆ ಒಂದು ಮಂಚ, ರಾತ್ರಿ ಮಂಚವಾಗುವ ಊಟದ ಮೇಜು, ಮೊಮ್ಮಗನಿಗೆ ಅಡ್ಡ ಹಲಗೆಯ ಹಾಸಿಗೆ, ಎರಡು ಬರ್ನರಿನ ಗ್ಯಾಸ್ ಒಲೆ, ಸಣ್ಣ ಫ್ರಿಜ್, ಸಣ್ಣ ಬಚ್ಚಲು. ಕುಕ್ಕರಿನಲ್ಲಿ ಅನ್ನ ಬೇಯಿಸಿ, ಊರಿನಿಂದ ಕೊಂಡುಹೋದ ಉಪ್ಪಿನಕಾಯಿಯ ಜೊತೆ ಉಂಡರೆ ಪರದೇಶ ಎಂಬುದೇ ಮರೆತುಹೋಗುತ್ತದೆ.

ಹೊಸ ಟ್ರೇಲರಿನ ಬೆಲೆ ಹೆಚ್ಚೆಂದು ಇವರು ಹತ್ತು ವರ್ಷ ಹಳೆಯದನ್ನು ಕೊಂಡಿದ್ದರು. ಕೊಂಡ ಮರುವರ್ಷವೇ ಅಳಿಯನ ಕೆಲಸ ಹೋಯಿತು. ಆ ತಿಂಗಳುಗಳಲ್ಲಿ ಟ್ರೇಲರನ್ನು ಮಾರಿಬಿಡುವ ಮಾತು ಬಂದಿತ್ತಂತೆ. ಹೊಸ ಕೆಲಸ ಸಿಕ್ಕಿ ಎರಡು ತಿಂಗಳಷ್ಟೇ ಆಗಿತ್ತು. ಬೇಕಾದರೆ ಮಾರಿ ಹಣ ಮಾಡಿಕೊಳ್ಳಬಹುದಾದ ಒಂದೇ ಸೊತ್ತು ಎಂಬ ಭಾವನೆ ಆ ಟ್ರೇಲರಿನ ಬಗ್ಗೆ ಅವರಿಬ್ಬರಿಗೂ ಇತ್ತು. ಮುಂದಿನ ವಿಷಯ ಓದುವಾಗ ಇದು ನೆನಪಿನಲ್ಲಿರಲಿ.

ಸಿಯಾಟಲ್‌ನಿಂದ ಬೇನ್‌ಬ್ರಿಜ್ ದ್ವೀಪಕ್ಕೆ ದೊಡ್ಡ ಫೆರಿ ಹಡಗಿನಲ್ಲಿ ಹೋಗಬೇಕು. ಕಾರು, ಲಾರಿ, ಟ್ರೇಲರ್ ಎಲ್ಲವನ್ನೂ ಹೊಟ್ಟೆಯೊಳಗೆ ತುಂಬಿಕೊಂಡು ಅದು 35 ನಿಮಿಷದಲ್ಲಿ ಆಚೆ ದಡ ಸೇರಿಸುತ್ತದೆ. ಹಡಗು ಹತ್ತುವ ಮೊದಲು ಅಡುಗೆ ಗ್ಯಾಸಿನ ಸಿಲಿಂಡರನ್ನು ಬಂದ್ ಮಾಡಲೇಬೇಕು. ಮುಂದೆ ಹುಡ್ ಕೆನಾಲ್ ಎಂಬ ಕಡಲ ಕಾಲುವೆಗೆ ಅಡ್ಡಲಾಗಿ ತೇಲುವ ಸೇತುವೆ ಇದೆ. ನೀರು ಬಹಳ ಆಳವಾದ್ದರಿಂದ ಕಂಬ ನಿಲ್ಲಿಸುವ ಬದಲು ಟೊಳ್ಳಾದ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆಗಳನ್ನು ಲಂಗರು ಹಾಕಿ ತೇಲಿಸಿ, ಅವುಗಳ ಮೇಲೆ ರಸ್ತೆ ಮಾಡಿದ್ದಾರೆ. ಉದ್ದ ಸುಮಾರು 2.4 ಕಿ.ಮೀ. 1979ರ ಫೆಬ್ರವರಿಯ ಬಿರುಗಾಳಿಯಲ್ಲಿ ಇದರ ಪಶ್ಚಿಮದ ಅರ್ಧ ಮುಳುಗಿಹೋಯಿತು. ಮತ್ತೆ ಕಟ್ಟಿ 1982ರಲ್ಲಿ ತೆರೆದರು. ಕಾಂಕ್ರೀಟು ತೇಲುತ್ತದೆ ಎಂದರೆ ನಂಬದ ನಾವು ಅದರ ಮೇಲೆಯೇ ಹಾದುಹೋದೆವು.

ಒಂದೇ ಬೆಟ್ಟ, ಎರಡು ಹವೆ

ಸೇತುವೆ ದಾಟಿ ಒಂದು ಗಂಟೆಯೊಳಗೆ ಸಿಗುವ ಊರು ಸ್ಕ್ವಿಮ್. ಅಲ್ಲಿ ಕಂಡ ಆಕಾಶ ನಮ್ಮ ಡಿಸೆಂಬರಿನ ಆಕಾಶದಂತೆ ಶುಭ್ರ. ಸುತ್ತ ಲ್ಯಾವೆಂಡರ್ ಎಂಬ ಸುವಾಸನೆಯ ಗಿಡದ ತೋಟಗಳು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 16 ಇಂಚು, ಅಂದರೆ 400 ಮಿ.ಮೀ. ಮಾತ್ರ. ನಮ್ಮ ಬಯಲುಸೀಮೆಯ ಮಳೆಗಿಂತಲೂ ಇದು ಕಡಿಮೆ! ಅದಕ್ಕಾಗಿ ಇಲ್ಲಿಯ ರೈತರು 1890ರ ದಶಕದಲ್ಲೇ ಹೊಳೆಯಿಂದ ಕಾಲುವೆ ತೋಡಿ ಹೊಲಕ್ಕೆ ನೀರು ತಂದರು. ನೀರು ಬಂದ ಸಂತೋಷಕ್ಕೆ 1896ರಲ್ಲಿ ಆರಂಭವಾದ ನೀರಾವರಿ ಹಬ್ಬ ಈಗಲೂ ನಡೆಯುತ್ತದೆ.

ಆದರೆ ನೇರ ಗೆರೆ ಎಳೆದರೆ ಇಲ್ಲಿಂದ ಸುಮಾರು 60 ಕಿ.ಮೀ. ಪಶ್ಚಿಮಕ್ಕೆ ಇರುವ ಹೋ ಎಂಬ ಕಾಡಿನಲ್ಲಿ ವರ್ಷಕ್ಕೆ 140 ಇಂಚು, ಅಂದರೆ 3,500 ಮಿ.ಮೀ. ಮೀರಿ ಮಳೆ. ಕಾಸರಗೋಡಿನಲ್ಲಿ ಬೀಳುವುದೂ ಹೆಚ್ಚುಕಡಿಮೆ ಇಷ್ಟೇ. ಕಾರಣ ನಮ್ಮ ಶಾಲೆಯ ಭೂಗೋಳದ ಪಾಠದಲ್ಲಿ ಇರುವಂಥದ್ದೇ. ಸಾಗರದಿಂದ ಬರುವ ತೇವದ ಗಾಳಿ ಒಲಿಂಪಿಕ್ ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ, ಏರುತ್ತ ತಣ್ಣಗಾಗಿ ಪಶ್ಚಿಮದ ಇಳಿಜಾರಿನಲ್ಲಿ ಮಳೆ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರಲ್ಲಿ ಮಳೆ ಉಳಿದಿರುವುದಿಲ್ಲ. ಪಶ್ಚಿಮ ಘಟ್ಟದ ಈಚೆ ಕರಾವಳಿ, ಆಚೆ ಬಯಲುಸೀಮೆ ಇದ್ದ ಹಾಗೆ. ವ್ಯತ್ಯಾಸ ಒಂದೇ: ನಮಗೆ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲವಾದರೆ ಅವರಿಗೆ ಜೂನ್, ಜುಲೈ, ಆಗಸ್ಟ್ ಒಣ ತಿಂಗಳುಗಳು. ನಮ್ಮಲ್ಲಿ ಮಳೆ ಹಿಂದೆ ಸರಿಯುವಾಗ ಅಲ್ಲಿ ಶುರುವಾಗುತ್ತದೆ.

ಮುಂದೆ ಪೋರ್ಟ್ ಏಂಜಲಿಸ್ ಪಟ್ಟಣ. ಅದರ ಪಶ್ಚಿಮಕ್ಕೆ ಎಲ್ವಾ ನದಿ. ಈ ನದಿಗೆ ಕಟ್ಟಿದ್ದ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ಒಳಗೆ ಒಡೆದು ತೆಗೆದರು. ನೂರು ವರ್ಷ ಅಡ್ಡಿಯಾಗಿದ್ದ ಗೋಡೆ ಹೋದ ಮೇಲೆ ಸಾಲ್ಮನ್ ಮೀನು ಮತ್ತೆ ಮೇಲಿನ ನದಿಗೆ ಮೊಟ್ಟೆಯಿಡಲು ಹೋಗತೊಡಗಿದೆ. ಆಮೇಲೆ ಬೆಟ್ಟಗಳ ನಡುವೆ ನೀಲಿಯಾಗಿ ಮಲಗಿರುವ ಕ್ರೆಸೆಂಟ್ ಸರೋವರ. ಸರೋವರ ದಾಟುತ್ತಿದ್ದಂತೆ ಮೋಡ ಕವಿಯಿತು. ಸಂಜೆ ಫೋರ್ಕ್ಸ್ ಎಂಬ ಊರಿನ ಟ್ರೇಲರ್ ತಂಗುದಾಣ ಸೇರುವಾಗ ಮಳೆ ಹನಿಯಲಾರಂಭಿಸಿತ್ತು.

ಫೋರ್ಕ್ಸ್‌ನಲ್ಲಿ ಆ ರಾತ್ರಿ

ಫೋರ್ಕ್ಸ್ ಮೂರು ಸಾವಿರ ಚಿಲ್ಲರೆ ಜನರಿರುವ ಸಣ್ಣ ಊರು. ಮರ ಕಡಿಯುವುದು, ಕೊಯ್ಯುವುದು ಇಲ್ಲಿಯವರ ಹಳೆಯ ಕಸುಬು. 2005ರಲ್ಲಿ ಬಂದ 'ಟ್ವಿಲೈಟ್' ಎಂಬ ಕಾದಂಬರಿಯ ಕಥೆ ಈ ಊರಿನಲ್ಲಿ ನಡೆಯುವುದರಿಂದ ದೂರದ ಯುವಕ ಯುವತಿಯರು ಈಗ ಇಲ್ಲಿಗೆ ಬರುತ್ತಾರೆ. ಇಲ್ಲಿಯೂ ವರ್ಷಕ್ಕೆ ನೂರು ಇಂಚಿಗಿಂತ ಹೆಚ್ಚು ಮಳೆ.

ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೊಮ್ಮಗ ಎದ್ದು ಕೂತು, "ಅಜ್ಜೀ, ನನ್ನ ಮೂಗಿನ ಮೇಲೆ ಮಳೆ ಬಿತ್ತು" ಎಂದ. ದೀಪ ಹಾಕಿ ನೋಡಿದರೆ ಅವನ ಹಾಸಿಗೆಯ ಮೇಲೆ ಮಾಡಿನಲ್ಲಿರುವ ಗಾಳಿಕಿಂಡಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊದಿಕೆ ಒದ್ದೆ, ದಿಂಬು ಒದ್ದೆ. ಮಗುವನ್ನು ಎತ್ತಿ ನಮ್ಮ ನಡುವೆ ಮಲಗಿಸಿಕೊಂಡು, ಹಾಸಿಗೆ ಮಡಚಿ, ಪಾತ್ರೆ ತೊಳೆಯುವ ಬೇಸಿನನ್ನು ಅಲ್ಲಿಟ್ಟೆವು.

ಈ ಗಾಳಿಕಿಂಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಒಳಗೆ ಅಡುಗೆಯ ಹೊಗೆ, ಉಸಿರಿನ ಹಬೆ ಹೊರಗೆ ಹೋಗಲು ಪ್ರತಿ ಟ್ರೇಲರಿನ ಮಾಡಿನಲ್ಲೂ ಒಂದೆರಡು ಚೌಕದ ರಂಧ್ರಗಳಿರುತ್ತವೆ. ಅಳತೆ ಸಾಮಾನ್ಯವಾಗಿ 14 ಇಂಚು ಉದ್ದ, 14 ಇಂಚು ಅಗಲ. ಅದಕ್ಕೆ ಪ್ಲಾಸ್ಟಿಕ್ ಚೌಕಟ್ಟು, ಮೇಲೆ ಕೈಯಲ್ಲಿ ತಿರುಗಿಸಿ ತೆರೆಯುವ ಮುಚ್ಚಳ, ಕೆಳಗೆ ಸೊಳ್ಳೆ ಬಾರದ ಹಾಗೆ ಬಲೆ. ಚೌಕಟ್ಟಿನ ಸುತ್ತಲಿನ ಅಂಚನ್ನು ಮಾಡಿಗೆ ಸ್ಕ್ರೂ ಹೊಡೆದು, ಮೇಲೆ ಅಂಟು ಬಳಿದಿರುತ್ತಾರೆ. ಮಾಡು ಎಂದರೆ ತೆಳು ಪ್ಲೈವುಡ್, ಅದರ ಮೇಲೆ ಹಾಸಿದ ಬಿಳಿ ರಬ್ಬರ್ ಹಾಳೆ.

ನಮ್ಮ ಹಂಚಿನ ಮಾಡಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಹಂಚಿನ ಮಾಡು ಇಳಿಜಾರು, ಮೇಲಿನ ಹಂಚು ಕೆಳಗಿನ ಹಂಚಿನ ಮೇಲೆ ಕೂತಿರುತ್ತದೆ. ನೀರಿಗೆ ಹೋಗಲು ದಾರಿ ಇದೆ, ಅಂಟಿನ ಅಗತ್ಯವೇ ಇಲ್ಲ. ಟ್ರೇಲರಿನ ಮಾಡು ಹೆಚ್ಚುಕಡಿಮೆ ಚಪ್ಪಟೆ. ನೀರು ನಿಲ್ಲುತ್ತದೆ. ಅಂಟು ಇರುವವರೆಗೆ ಮಾಡು, ಅಂಟು ಬಿಟ್ಟರೆ ಜರಡಿ. ಸಾಲದ್ದಕ್ಕೆ ಟ್ರೇಲರ್ ರಸ್ತೆಯಲ್ಲಿ ಕುಲುಕುತ್ತ ಓಡುವಂಥದ್ದು; ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗುವಂಥದ್ದು.

ಮೊದಲಿಗೆ ಅಳಿಯ, "ಮಾವ, ಐದು ಜನ ಮಲಗಿದ್ದೇವೆ, ಉಸಿರಿನ ಹಬೆ ತಣ್ಣಗಾಗಿ ಹನಿಯುತ್ತಿರಬೇಕು" ಎಂದ. ಅದೂ ಆಗುವಂಥದ್ದೇ. ಚಳಿಯ ಊರಿನಲ್ಲಿ ಮುಚ್ಚಿದ ಟ್ರೇಲರಿನೊಳಗೆ ಅನ್ನ ಬೇಯಿಸಿದರೆ ಕಿಟಕಿ ಗಾಜೆಲ್ಲ ಬೆವರುತ್ತದೆ. ಆದರೆ ಹಬೆಯ ನೀರು ತಿಳಿಯಾಗಿರುತ್ತದೆ, ತಣ್ಣಗಿನ ಗಾಜು ಲೋಹಗಳ ಮೇಲೆಲ್ಲ ಕೂರುತ್ತದೆ. ಇದು ಒಂದೇ ಮೂಲೆಯಿಂದ ಬೀಳುತ್ತಿತ್ತು, ಬಣ್ಣವೂ ಚಹಾದಂತೆ ಕಂದು. ಬಟ್ಟೆಯಿಂದ ಒರೆಸಿ ಕಾದೆವು. ಐದು ನಿಮಿಷದಲ್ಲಿ ಅದೇ ಮೂಲೆಯಲ್ಲಿ ಮತ್ತೆ ಹನಿ. ಕಂದು ಬಣ್ಣ ಬಂದಿದೆ ಎಂದರೆ ನೀರು ಮರದೊಳಗಿಂದ ಹಾದು ಬರುತ್ತಿದೆ ಎಂದರ್ಥ. ಅಳಿಯ ಮಾತಾಡಲಿಲ್ಲ. ಬೆಳಗಿನವರೆಗೂ ಅವನು ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

ಬೆಳಿಗ್ಗೆ ಅವನು ರಿಪೇರಿ ಮಾಡುವವರಿಗೆ ಫೋನ್ ಮಾಡಿದ. ಮೂರು ವಾರದ ನಂತರವಷ್ಟೇ ಸರದಿ ಸಿಗುತ್ತದೆ, ಮರ ಕುಂಬಾಗಿದ್ದರೆ ಇಡೀ ಮಾಡನ್ನೇ ಬದಲಿಸಬೇಕು, ಹಾಗಾದರೆ ಖರ್ಚು ಹಳೆಯ ಟ್ರೇಲರಿನ ಬೆಲೆಯನ್ನೇ ಮೀರಬಹುದು ಎಂಬ ಉತ್ತರ ಬಂತು. ಮಗಳ ಮುಖ ಸಣ್ಣದಾಯಿತು.

ಪಕ್ಕದ ಟ್ರೇಲರಿನಲ್ಲಿ ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ನಮ್ಮ ಗಡಿಬಿಡಿ ನೋಡಿ ತಾವೇ ಬಂದರು. ಟಾರ್ಪಾಲು, ಹಗ್ಗ, ಏಣಿ ಅವರೇ ಕೊಟ್ಟರು. ಒದ್ದೆ ರಬ್ಬರ್ ಮಾಡು ಪಾಚಿಕಟ್ಟಿದ ಕಲ್ಲಿನ ಹಾಗೆ ಜಾರುತ್ತದೆ, ಮೇಲೆ ಹತ್ತಬೇಡಿ ಎಂದು, ಎರಡು ಏಣಿಗಳಿಂದಲೇ ಟಾರ್ಪಾಲನ್ನು ಎಳೆದು ಕಟ್ಟಿಸಿದರು. ಅಳಿಯ ಅಂಟು ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಅವರು, "ಇಲ್ಲಿ ರಿಪೇರಿ ಮಾಡಲು ಹೋಗಬೇಡಿ. ಒದ್ದೆಯ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಬೆಟ್ಟದ ಆ ಬದಿಗೆ, ಸ್ಕ್ವಿಮ್‌ಗೆ ಹೋಗಿ. ಅಲ್ಲಿ ನಿಮಗೆ ಒಣ ದಿನ ಸಿಗುತ್ತದೆ. ಇವತ್ತು ಮಾತ್ರ ಮಗುವಿಗೆ ಕಾಡು ತೋರಿಸಿ" ಎಂದರು. ಮಾತು ಸರಿ ಎನಿಸಿತು.

ಹೋ ಮಳೆಕಾಡು

ಟ್ರೇಲರನ್ನು ಟಾರ್ಪಾಲಿನ ಕೆಳಗೆ ಬಿಟ್ಟು ಕಾರಿನಲ್ಲಿ ಹೋ ಕಾಡಿಗೆ ಹೋದೆವು. ಫೋರ್ಕ್ಸ್‌ನಿಂದ ಸುಮಾರು 50 ಕಿ.ಮೀ. ಕೊನೆಯ ಭಾಗದ ರಸ್ತೆ ಹೋ ನದಿಯ ದಡದಲ್ಲೇ ಸಾಗುತ್ತದೆ. 2024ರ ಡಿಸೆಂಬರಿನ ಮಳೆಗೆ ಈ ರಸ್ತೆಯ ಒಂದು ತುಂಡು ನದಿಗೆ ಕೊಚ್ಚಿಹೋಗಿ, 2025ರ ಮೇ ತಿಂಗಳವರೆಗೆ ಕಾಡಿಗೆ ವಾಹನಗಳೇ ಹೋಗುವಂತಿರಲಿಲ್ಲ. ಬೇರೆ ದಾರಿ ಇಲ್ಲದ ಕಾರಣ ಈ ರಸ್ತೆಯನ್ನು ನಂಬಿದ ಸಣ್ಣ ಅಂಗಡಿ, ವಸತಿಯವರೆಲ್ಲ ಕಷ್ಟಪಟ್ಟರಂತೆ. ಮಳೆಯೊಂದಿಗೆ ಬಾಳುವುದು ಅಲ್ಲಿಯೂ ಸುಲಭವಲ್ಲ.

ಈ ಬೆಟ್ಟಗಳ ಎಲ್ಕ್ ಎಂಬ ದೊಡ್ಡ ಜಿಂಕೆಗಳನ್ನು ಉಳಿಸಲೆಂದು 1909ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಇಲ್ಲಿ ರಕ್ಷಿತ ಪ್ರದೇಶ ಘೋಷಿಸಿದರು. ಆ ಜಿಂಕೆಗೂ ಅವರದೇ ಹೆಸರು. 1938ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. 1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

'ಹಾಲ್ ಆಫ್ ಮಾಸಸ್' ಎಂಬ ಕಾಲುದಾರಿ ಒಂದೂಕಾಲು ಕಿಲೋಮೀಟರ್ ಇದೆ. ವಯಸ್ಸಾದವರೂ ಮಕ್ಕಳೂ ನಿಧಾನವಾಗಿ ನಡೆಯಬಹುದು. ಮೇಪಲ್ ಮರಗಳ ಕೊಂಬೆಗಳಿಂದ ಪಾಚಿ ಗಡ್ಡದ ಹಾಗೆ ಜೋತುಬಿದ್ದಿದೆ. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್ ಮರಗಳು ಇನ್ನೂರು ಅಡಿ ಮೀರಿ ಬೆಳೆದಿವೆ. ಕೆಳಗೆ ಕಾಲಿಡುವಲ್ಲೆಲ್ಲ ಜರಿಗಿಡ. ಮಳೆ ಬೀಳುತ್ತಿದ್ದರೂ ಸದ್ದಿಲ್ಲ, ಪಾಚಿ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮೊಮ್ಮಗ ದಾರಿಯಲ್ಲಿ ಬಾಳೆಹಣ್ಣಿನ ಬಣ್ಣದ, ಗೇಣುದ್ದದ ಬಸವನಹುಳ ಕಂಡು ಅಲ್ಲಿಯೇ ಕೂತುಬಿಟ್ಟ.

ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಬಿದ್ದ ಮರಗಳು. ದೊಡ್ಡ ಮರ ಉರುಳಿ ಕೊಳೆಯುತ್ತ ಬಂದಂತೆ ಅದರ ಬೆನ್ನಿನ ಮೇಲೆಯೇ ಹೊಸ ಸಸಿಗಳು ಹುಟ್ಟುತ್ತವೆ. ನೆಲದಲ್ಲಿ ಜರಿ, ಪಾಚಿಗಳ ನಡುವೆ ಜಾಗ ಸಿಗದ ಬೀಜಕ್ಕೆ ಕೊಳೆತ ಮರವೇ ತಾಯಿಯ ಮಡಿಲು. ಸಸಿಗಳ ಬೇರು ಮರವನ್ನು ಬಳಸಿಕೊಂಡು ನೆಲ ಮುಟ್ಟುತ್ತದೆ. ಎಷ್ಟೋ ವರ್ಷಗಳ ನಂತರ ಕೆಳಗಿನ ಮರ ಪೂರ್ತಿ ಮಣ್ಣಾದಾಗ, ಮೇಲಿನ ಮರಗಳು ಕಂಬದ ಮೇಲೆ ನಿಂತ ಹಾಗೆ, ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅಲ್ಲಿ ಮರ ಕುಂಬಾಗುವುದನ್ನು ಕಂಡು ನಮಗೆ ಸಂತೋಷ. ಅಳಿಯ ಮಾತ್ರ ಒಂದು ಕೊಳೆತ ದಿಮ್ಮಿಯನ್ನು ಬೆರಳಿನಿಂದ ಒತ್ತಿ ನೋಡಿದ. ಬೆರಳು ಒಳಗೆ ಹೋಯಿತು. ಅವನ ಮನಸ್ಸಿನಲ್ಲಿ ಏನಿತ್ತೆಂದು ಹೇಳಬೇಕಾಗಿಲ್ಲ.

ಬಿಸಿಲಿನ ಊರಿನಲ್ಲಿ ರಿಪೇರಿ

ಮರುದಿನ ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಟಾರ್ಪಾಲು ಬಿಚ್ಚಿದೆವು. ಅದನ್ನು ಕಟ್ಟಿಕೊಂಡೇ ಓಡಿಸಿದರೆ ಗಾಳಿಗೆ ಹರಿದು ಹಿಂದಿನ ವಾಹನಗಳಿಗೆ ಅಪಾಯ. ಗಾಳಿಕಿಂಡಿಯ ಕೆಳಗೆ ಬೇಸಿನು, ಅದರೊಳಗೆ ದಪ್ಪ ಟವೆಲು ಇಟ್ಟು ಹೊರಟೆವು. ಕ್ರೆಸೆಂಟ್ ಸರೋವರದವರೆಗೂ ತುಂತುರು ಇತ್ತು. ಪೋರ್ಟ್ ಏಂಜಲಿಸ್ ದಾಟಿದ ಮೇಲೆ ರಸ್ತೆ ಒಣಗಿತ್ತು. ಸ್ಕ್ವಿಮ್‌ನಲ್ಲಿ ಹಿರಿಯರು ಹೇಳಿದ ಹಾಗೆಯೇ ಬಿಸಿಲು! ದಾರಿಯಲ್ಲಿ ಹೊಸ ಗಾಳಿಕಿಂಡಿ, ಬ್ಯುಟೈಲ್ ಟೇಪು, ರಬ್ಬರ್ ಮಾಡಿಗೆ ಹೊಂದುವ ಸೀಲಂಟ್ ಎಂಬ ಅಂಟು, ತುಕ್ಕು ಹಿಡಿಯದ ಸ್ಕ್ರೂಗಳನ್ನು ಕೊಂಡೆವು. ಎಲ್ಲ ಸೇರಿ ನೂರು ಡಾಲರಿನ ಒಳಗೇ ಆಯಿತು.

ಮೊದಲು ಒಳಗಿನಿಂದ ಅಲಂಕಾರದ ಪಟ್ಟಿಯನ್ನು ಬಿಚ್ಚಿದೆವು. ಮಾಡಿನ ಪ್ಲೈವುಡ್ಡಿನ ಅಂಚು ಕಣ್ಣಿಗೆ ಬಿತ್ತು. ಈಗ ಇದ್ದದ್ದು ಒಂದೇ ಪ್ರಶ್ನೆ: ಮರ ಗಟ್ಟಿಯಿದೆಯೇ? ಅಳಿಯ ಸ್ಕ್ರೂಡ್ರೈವರಿನ ತುದಿಯಿಂದ ಸುತ್ತಲೂ ಒತ್ತುತ್ತ ಬಂದ. ಹಿಂದಿನ ಬದಿ ಗಟ್ಟಿ. ಎಡ, ಬಲ ಗಟ್ಟಿ. ಮುಂದಿನ ಬಲ ಮೂಲೆಯಲ್ಲಿ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ತುದಿ ಒಳಗಿಳಿಯಿತು. ಅಲ್ಲಿಂದ ಆಚೆಗೆ ನಾಲ್ಕು ಬೆರಳಿನಷ್ಟು ದೂರ ಹೋದ ಮೇಲೆ ಮತ್ತೆ ಗಟ್ಟಿ. "ಇಷ್ಟೇ, ಅತ್ತೆ, ಇಷ್ಟೇ ಹಾಳಾಗಿರುವುದು" ಎಂದು ಅವನು ಅಂದಾಗ ಮಗಳು ಹೊರಗೆ ಹೋಗಿ ಕಣ್ಣೊರೆಸಿಕೊಂಡಳು.

ಮಾಡಿನ ಮೇಲೆ ನೋಡಿದಾಗ ಕಾರಣವೂ ಸ್ಪಷ್ಟವಾಯಿತು. ಮುಚ್ಚಳದಲ್ಲಿ ಬಿರುಕಿರಲಿಲ್ಲ. ಚೌಕಟ್ಟಿನ ಅಂಚಿನ ಹಳೆಯ ಅಂಟು ಬೇಸಿಗೆಯ ಗದ್ದೆಯಂತೆ ಬಿರಿದಿತ್ತು. ಆ ಬಿರುಕಿನ ಮೇಲೆ ಹಿಂದೆ ಯಾರೋ ಬಚ್ಚಲಿಗೆ ಬಳಸುವ ಸಿಲಿಕೋನ್ ಬಳಿದಿದ್ದರು. ಸಿಲಿಕೋನ್ ಈ ರಬ್ಬರಿಗೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅದರ ಮೇಲೆ ಬೇರೆ ಅಂಟೂ ಹಿಡಿಯುವುದಿಲ್ಲ. ಬೆರಳಿನಿಂದ ಎಳೆದರೆ ಹಾವಿನ ಪೊರೆಯಂತೆ ಎದ್ದುಬಂತು. ಅದರ ಕೆಳಗೆ ನೀರು ನಿಂತು ಸ್ಕ್ರೂ ತೂತುಗಳಿಂದ ಇಳಿಯುತ್ತಿತ್ತು. ಟ್ರೇಲರ್ ಓಡುವಾಗ ಎದುರುಗಾಳಿ ಮಳೆಯನ್ನು ಮುಂದಿನ ಅಂಚಿಗೇ ಹೊಡೆಯುವುದರಿಂದ ಆ ಬದಿಯೇ ಹಾಳಾಗಿತ್ತು.

ಮುಂದಿನ ಕೆಲಸವನ್ನು ಎಲ್ಲರೂ ಹಂಚಿಕೊಂಡೆವು. ಒಣ ಮಾಡಿನ ಮೇಲೆ ಅಗಲದ ಹಲಗೆ ಹಾಕಿ, ಭಾರ ಒಂದೇ ಕಡೆ ಬೀಳದ ಹಾಗೆ ಅಳಿಯ ಕೂತ. ನಮ್ಮಲ್ಲೊಬ್ಬರು ಏಣಿಯ ಮೇಲೆ ನಿಂತು ಸಾಮಾನು ಕೊಡುವುದು, ಇನ್ನೊಬ್ಬರು ಒಳಗಿನಿಂದ ಹಿಡಿಯುವುದು. ಹಳೆಯ ಅಂಟನ್ನು ಕೂದಲು ಒಣಗಿಸುವ ಯಂತ್ರದಿಂದ ತುಸು ಬಿಸಿ ಮಾಡಿ, ಪ್ಲಾಸ್ಟಿಕ್ ಚೂರಿಯಿಂದ ಕೆರೆದು ತೆಗೆದದ್ದಾಯಿತು. ಕಬ್ಬಿಣದ ಚೂರಿ ಹಿಡಿದರೆ ರಬ್ಬರ್ ಹಾಳೆ ಕೊಯ್ದುಹೋಗುತ್ತದೆ. ಎಲ್ಲ ಸ್ಕ್ರೂ ಬಿಚ್ಚಿ ಹಳೆಯ ಚೌಕಟ್ಟನ್ನು ಎತ್ತಿ, ಜಾಗವನ್ನು ಸ್ಪಿರಿಟಿನಿಂದ ಒರೆಸಿ, ಮಧ್ಯಾಹ್ನದವರೆಗೆ ಬಿಸಿಲಿಗೆ ಬಿಟ್ಟೆವು. ಒಳಗಿನಿಂದ ಫ್ಯಾನ್ ಇಟ್ಟೆವು. ಒಣಗಿಸುವ ಈ ಹೊತ್ತೇ ಮುಖ್ಯ. ತೇವ ಒಳಗೆ ಉಳಿಸಿ ಮೇಲೆ ಮುಚ್ಚಿದರೆ ಮರ ಒಳಗಿಂದೊಳಗೆ ಕೊಳೆಯುತ್ತದೆ.

ಕುಂಬಾದ ತುಂಡನ್ನು ಕೆತ್ತಿ ತೆಗೆದ ಮೇಲೆ ಆ ಮೂಲೆಯಲ್ಲಿ ಸ್ಕ್ರೂ ಹಿಡಿಯಲು ಮರವಿರಲಿಲ್ಲ. ಊರಿನಲ್ಲಿ ಪಕ್ಕಾಸಿನ ತುದಿ ಕುಂಬಾದರೆ ಪಕ್ಕಕ್ಕೆ ಇನ್ನೊಂದು ತುಂಡು ಸೇರಿಸಿ ಹೊಡೆಯುವ ಕ್ರಮವಿದೆಯಲ್ಲ, ಅದನ್ನೇ ಮಾಡಿದೆವು. ಗಟ್ಟಿ ಮರದ ರೀಪೊಂದನ್ನು ಅಳತೆಗೆ ಕೊಯ್ದು, ಪ್ಲೈವುಡ್ಡಿನ ಕೆಳಗೆ ಅಂಟು ಹಾಕಿ ಸ್ಕ್ರೂ ಹೊಡೆದು ಕೂರಿಸಿದ ಮೇಲೆ ಮೂಲೆ ಗಟ್ಟಿಯಾಯಿತು.

ಆಮೇಲೆ ಹೊಸ ಚೌಕಟ್ಟಿನ ಅಂಚಿನ ಕೆಳಗೆ ಬ್ಯುಟೈಲ್ ಟೇಪನ್ನು ಎಲ್ಲಿಯೂ ಸಂದಿ ಬಿಡದೆ ಸುತ್ತಲೂ ಅಂಟಿಸಿ, ರಂಧ್ರದ ಮೇಲೆ ಇಟ್ಟೆವು. ಈ ಟೇಪು ಹಲಸಿನ ಮೇಣದ ಹಾಗೆ, ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ. ಸ್ಕ್ರೂಗಳನ್ನು ಒಂದು ಈ ಬದಿ, ಒಂದು ಆ ಬದಿ ಎಂದು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದಂತೆ ಟೇಪು ಅಂಚಿನಿಂದ ತುಸು ಹೊರಗೆ ಉಬ್ಬಿತು. ಅಲ್ಲಿಗೆ ನಿಲ್ಲಿಸಬೇಕು, ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಕೊನೆಗೆ ಪ್ರತಿ ಸ್ಕ್ರೂವಿನ ತಲೆಯ ಮೇಲೂ, ಅಂಚಿನ ಸುತ್ತಲೂ ಸೀಲಂಟ್ ಸುರಿದದ್ದು. ಮಾಡಿಗೆಂದೇ ಮಾಡಿದ ಈ ಅಂಟು ದೋಸೆ ಹಿಟ್ಟಿನ ಹಾಗೆ ತಾನಾಗಿ ಹರಡಿ ಸಮವಾಗುತ್ತದೆ. ಕೈಯಿಂದ ತೀಡುವ ಅಗತ್ಯವಿಲ್ಲ. ಗೋಡೆಯ ಬದಿಗೆ ಇದು ಹರಿದುಹೋಗುವುದರಿಂದ ಅಲ್ಲಿಗೆ ಹರಿಯದ ಜಾತಿಯದ್ದು ಬೇರೆ ಸಿಗುತ್ತದೆ. ಮೇಲಿನ ಪದರ ಕೆಲವು ಗಂಟೆಗಳಲ್ಲಿ ಕೂರುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ತಿಂಗಳಷ್ಟು ಬೇಕು.

ನೀರಿನ ಪರೀಕ್ಷೆ

ಮರುದಿನ ಸಂಜೆ ತೋಟದ ಪೈಪಿನಿಂದ ಪರೀಕ್ಷೆ ನಡೆಯಿತು. ನೀರನ್ನು ಒಮ್ಮೆಲೇ ರಭಸದಿಂದ ಹೊಡೆಯದೆ, ತಗ್ಗಿನ ಬದಿಯಿಂದ ಆರಂಭಿಸಿ ಮೇಲಕ್ಕೆ, ಒಂದೊಂದು ಬದಿಗೆ ಹತ್ತು ಹತ್ತು ನಿಮಿಷ ಬಿಡಬೇಕು. ಹಾಗೆ ಮಾಡಿದರೆ ಸೋರುವುದು ಎಲ್ಲಿಂದ ಎಂದು ತಿಳಿಯುತ್ತದೆ. ಒಳಗೆ ಟಾರ್ಚ್ ಹಿಡಿದು ಕೂತಿದ್ದ ನಾವು ಕೈಯಿಂದ ಮುಟ್ಟಿ ಮುಟ್ಟಿ ನೋಡಿದೆವು. ಒಣಗಿತ್ತು. ಮೊಮ್ಮಗ ತಾನೂ ಮುಟ್ಟಬೇಕೆಂದು ಹಟ ಹಿಡಿದು, ಅಪ್ಪನ ಹೆಗಲೇರಿ ಮುಟ್ಟಿ, "ಮಳೆ ಹೋಯ್ತು" ಎಂದು ಸಾರಿದ.

ನಿಜವಾದ ಪರೀಕ್ಷೆ ಹಿಂದಿರುಗುವ ದಿನ ನಡೆಯಿತು. ಹುಡ್ ಕೆನಾಲಿನ ಪಕ್ಕದ ದಾರಿಯಲ್ಲಿ ದಕ್ಷಿಣಕ್ಕೆ ಇಳಿದು ಮನೆಗೆ ಹೋಗುವಾಗ ಎರಡು ಗಂಟೆ ಜಡಿಮಳೆ. ಒಂದು ಕಡೆ ಕಾರು ನಿಲ್ಲಿಸಿ ಅಳಿಯ ಮಳೆಯಲ್ಲೇ ಓಡಿಹೋಗಿ ಟ್ರೇಲರಿನ ಬಾಗಿಲು ತೆರೆದು ನೋಡಿ ಬಂದ. ಬೇಸಿನಿನಲ್ಲಿದ್ದ ಟವೆಲು ಒಣಗಿಯೇ ಇತ್ತು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವನು ಸೀಟಿ ಹಾಕುತ್ತ ಗಾಡಿ ಓಡಿಸಿದ.

ನಮ್ಮಂಥವರಿಗೆ ಕೆಲವು ಮಾತುಗಳು

ನಮ್ಮ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇಂಥ ಗಾಲಿಮನೆಗಳನ್ನು ಕೊಳ್ಳುವುದು, ಬಾಡಿಗೆಗೆ ಹಿಡಿಯುವುದು ಈಗ ಸಾಮಾನ್ಯ. ಹಳೆಯದನ್ನು ಕೊಳ್ಳುವವರು ಮೊದಲು ಮಾಡನ್ನು ನೋಡಲಿ. ಒಳಗಿನಿಂದ ಗಾಳಿಕಿಂಡಿಯ ಮೂಲೆಗಳಲ್ಲಿ ಕಂದು ಕಲೆ ಇದೆಯೇ, ಒತ್ತಿದರೆ ಮೆತ್ತಗಿದೆಯೇ, ಕಮಟು ವಾಸನೆ ಬರುತ್ತದೆಯೇ ಎಂದು ಪರೀಕ್ಷಿಸಲಿ. ಮಾಡು ರಬ್ಬರಿನದೋ, ಫೈಬರಿನದೋ, ಅಲ್ಯೂಮಿನಿಯಂನದೋ ಎಂದು ತಿಳಿದು ಅದಕ್ಕೆ ಹೊಂದುವ ಅಂಟನ್ನೇ ಬಳಸಲಿ. ವರ್ಷಕ್ಕೆ ಎರಡು ಬಾರಿಯಾದರೂ ಏಣಿ ಇಟ್ಟು ಅಂಟಿನ ಬಿರುಕುಗಳನ್ನು ನೋಡುವುದು ಒಳ್ಳೆಯದು. ಕೂದಲೆಳೆಯಷ್ಟು ಬಿರುಕಿದ್ದಾಗ ಒಂದು ಟ್ಯೂಬ್ ಸೀಲಂಟ್ ಸಾಕು. ಎರಡು ಮಳೆಗಾಲ ಬಿಟ್ಟರೆ ಮಾಡೇ ಹೋಗುತ್ತದೆ.

ಸೋರಿದ ಜಾಗವೇ ತೂತಿನ ಜಾಗವಲ್ಲ ಎಂಬುದನ್ನು ಹಂಚಿನ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಡೆದ ಹಂಚು ಒಂದು ಕಡೆ, ನೀರು ಪಕ್ಕಾಸಿನ ಮೇಲೆ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಹಾಗೆಯೇ ತಾತ್ಕಾಲಿಕ ಉಪಾಯಕ್ಕೂ ಒಂದು ಮಿತಿ ಇದೆ. ಒಡೆದ ಹಂಚಿನ ಕೆಳಗೆ ಅಡಿಕೆ ಹಾಳೆ ತುರುಕಿಸಿ ಒಂದು ಮಳೆಗಾಲ ದಾಟಿಸಬಹುದು. ಆ ಹಾಳೆಯನ್ನೇ ನಂಬಿ ಮೂರು ಮಳೆಗಾಲ ಕಳೆದರೆ ರೀಪು, ಪಕ್ಕಾಸು ಎರಡೂ ಹೋಗುತ್ತವೆ. ಆ ಟ್ರೇಲರಿನ ಮೇಲೆ ಬಳಿದಿದ್ದ ಸಿಲಿಕೋನ್ ಅಂಥದೇ ಒಂದು ಹಾಳೆ.

ಹಿಂದೆ ನಮ್ಮೂರಿನಲ್ಲಿ ಮೇ ತಿಂಗಳು ಬಂತೆಂದರೆ ಮಾಡಿಗೆ ಹತ್ತಿ ಕಸ ಗುಡಿಸಿ, ಒಡೆದ ಹಂಚು ಬದಲಿಸುವುದು ಮನೆಮಂದಿಯ ಕೆಲಸವಾಗಿತ್ತು. ಟೆರೇಸು ಮನೆಗಳು ಬಂದ ಮೇಲೆ ಆ ಅಭ್ಯಾಸ ತಪ್ಪುತ್ತಿದೆ. ಟೆರೇಸಿನ ನೀರು ಹೋಗುವ ಪೈಪಿನ ಬಾಯಿ ಎಲೆಯಿಂದ ಮುಚ್ಚಿಹೋಗುತ್ತದೆ, ಮೆಟ್ಟಿಲಿನ ಮೇಲಿನ ಶೀಟಿನ ಸ್ಕ್ರೂವಿನ ವಾಷರ್ ಒಣಗಿ ಬಿರಿಯುತ್ತದೆ, ನೀರಿನ ಟ್ಯಾಂಕಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ಮಕ್ಕಳು ದೂರದ ಊರುಗಳಲ್ಲಿದ್ದು, ವಯಸ್ಸಾದವರೇ ಮನೆಯಲ್ಲಿರುವಾಗ ಏಣಿ ಹತ್ತುವವರೂ ಇಲ್ಲ. ನೆರೆಮನೆಯ ಯುವಕರು ವರ್ಷಕ್ಕೊಮ್ಮೆ ಅರ್ಧ ದಿನ ಕೊಟ್ಟರೆ ಇಂತಹ ಎಷ್ಟೋ ಮನೆಗಳ ಮಾಡು ಉಳಿಯುತ್ತದೆ. ಫೋರ್ಕ್ಸ್‌ನ ಆ ಹಿರಿಯರು ಹೆಸರು, ಊರು ಒಂದೂ ಕೇಳದೆ ಏಣಿ ಹಿಡಿದು ಬಂದಿದ್ದರು. ಅಂಥ ಏಣಿಗಳು ನಮ್ಮ ವಾರ್ಡುಗಳಲ್ಲೂ ಇವೆ. ಮೇ ತಿಂಗಳ ಒಂದು ಭಾನುವಾರ ಅವುಗಳನ್ನು ಹೊರಗೆ ತೆಗೆಯೋಣ.